ಗೃಹಸ್ಥನ ಲೆಕ್ಕದ ಪುಸ್ತಕ: ಹಿತ್ತಲಿನಲ್ಲಿ ಹುಟ್ಟುವ ಮೋಟಾರು



ಹೋದ ತಿಂಗಳಿನ ಎರಡನೆಯ ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ಜಾಲಹಳ್ಳಿಯಿಂದ ನನ್ನ ತಂಗಿ ಒಬ್ಬಳೇ ಬಂದಳು. ಅವಳು ಒಬ್ಬಳೇ ಬರುವುದು ಅಪರೂಪ. ಬಂದರೆ ಯಾವುದೋ ಲೆಕ್ಕ ತಾಳೆಯಾಗುತ್ತಿಲ್ಲವೆಂದೇ ಅರ್ಥ. ಕಾಫಿ ಮುಗಿಸಿ ಲೋಟವನ್ನು ಕೆಳಗಿಟ್ಟು, “ಅಣ್ಣಾ, ನಮ್ಮ ಮನೆಯವರೂ ನಿನ್ನ ಅಳಿಯನೂ ಸೇರಿ ಒಂದು ಕಾರು ಮಾಡುತ್ತಾರಂತೆ” ಎಂದಳು.

“ಕೊಳ್ಳುತ್ತಾರೆಯೇ?” ಎಂದು ಕೇಳಿದೆ.

“ಕೊಳ್ಳುವುದಲ್ಲ, ಮಾಡುವುದು. ಎರಡೇ ಆಸನ, ಮೇಲೆ ಚಾವಣಿಯೂ ಇಲ್ಲ. ಅವರು ಮಾಡಬಲ್ಲರು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದಕ್ಕೆ ನಂಬರು ಕೊಡುತ್ತಾರೆಯೇ? ನಾಳೆ ದಾರಿಯಲ್ಲಿ ಯಾರಿಗಾದರೂ ತಾಗಿದರೆ ದುಡ್ಡು ಕೊಡುವವರು ಯಾರು? ಇದನ್ನು ಕೇಳಿದರೆ ತಂದೆ ಮಗ ಇಬ್ಬರೂ ಚಕ್ರದ ಮಾತಾಡುತ್ತಾರೆ. ನೀನು ಒಮ್ಮೆ ಬಂದು ಕೂತು ಹೇಳಬೇಕು.”

ನನ್ನ ಭಾವನವರು ಜಾಲಹಳ್ಳಿಯ ಗಡಿಯಾರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಆಯುಷ್ಯದ ಬಹುಭಾಗವನ್ನು ಕಳೆದು ನಿವೃತ್ತರಾದವರು. ಕೂದಲೆಳೆಯ ದಪ್ಪವನ್ನು ಬೆರಳಿನಲ್ಲಿಯೇ ಅಳೆಯಬಲ್ಲ ಕೈ ಅದು. ಈಗ ಆ ಕೈಗೆ ದಿನವೆಲ್ಲ ಬಿಡುವು. ಮಗನು ಎಲೆಕ್ಟ್ರಾನಿಕ್ ಸಿಟಿಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಉದ್ಯೋಗಿ. ಪೀಣ್ಯ ಎರಡನೆಯ ಹಂತದಲ್ಲಿ ಭಾವನವರ ಹಳೆಯ ಸಹೋದ್ಯೋಗಿಯೊಬ್ಬರ ಶೆಡ್ಡಿದೆ. ಅಲ್ಲಿ ಒಂದು ಮೂಲೆಯನ್ನು ಬಿಟ್ಟುಕೊಡಲು ಅವರು ಒಪ್ಪಿದ್ದಾರೆ. ಖರ್ಚು ಆರು ಲಕ್ಷ ರೂಪಾಯಿ ಎಂದು ಅಂದಾಜು. ಅದರಲ್ಲಿ ನಾಲ್ಕು ಲಕ್ಷ ಭಾವನವರ ನಿವೃತ್ತಿಯ ಠೇವಣಿಯಿಂದ ಬರತಕ್ಕದ್ದು. ತಂಗಿಯ ಕಳವಳದ ಮೂಲ ಇಲ್ಲಿತ್ತು. ಇಂತಹ ಆಸೆ ಈಗ ಒಂದು ಮನೆಯದಲ್ಲ. ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್ ಕಡೆಗಳಲ್ಲಿ ಲೇತೂ ವೆಲ್ಡಿಂಗೂ ಕೈಗೆಟಕುವಲ್ಲಿ ಬದುಕುವ ಎಷ್ಟೋ ಕುಟುಂಬಗಳ ಯುವಕರಲ್ಲಿ ಇರುವುದು. ಆದುದರಿಂದ ನಾವು ಅಂದು ವಿಚಾರಿಸಿದ ಸಂಗತಿಗಳನ್ನು ಈ ತಿಂಗಳ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತೇನೆ.

ಮಾದರಿಯ ವಿಚಾರ

ಮುಂದಿನ ಭಾನುವಾರ ಶೆಡ್ಡಿಗೆ ಹೋದೆ. ಗೋಡೆಯ ಮೇಲೆ ನಕ್ಷೆ ಅಂಟಿಸಿತ್ತು. ಅವರು ಆರಿಸಿಕೊಂಡಿದ್ದು ಲೋಟಸ್ ಸೆವೆನ್ ಎಂಬ ಇಂಗ್ಲೆಂಡಿನ ಬಂಡಿಯ ಪ್ರತಿರೂಪ. ೧೯೫೭ರಲ್ಲಿ ಕಾಲಿನ್ ಚಾಪ್‌ಮನ್ ಎಂಬ ಇಂಜಿನಿಯರು ಇದನ್ನು ಹೊರತಂದನು. ಪೂರ್ತಿ ಸಿದ್ಧವಾದ ಕಾರಿಗೆ ಆಗ ಅಲ್ಲಿ ಮಾರಾಟದ ತೆರಿಗೆ ಹೆಚ್ಚು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಆ ತೆರಿಗೆ ತಪ್ಪುತ್ತಿತ್ತು. ಜೋಡಿಸುವ ವಿಧಾನವನ್ನು ಪೆಟ್ಟಿಗೆಯೊಡನೆ ಕೊಡಕೂಡದೆಂಬ ನಿಯಮವಿದ್ದುದರಿಂದ, ಚಾಪ್‌ಮನ್ನನು ಬಿಚ್ಚುವ ವಿಧಾನವನ್ನು ಅಚ್ಚು ಹಾಕಿಸಿ ಕೊಟ್ಟನೆಂದೂ, ಕೊಂಡವರು ಅದನ್ನು ಹಿಂದುಮುಂದಾಗಿ ಓದಿಕೊಂಡರೆಂದೂ ಒಂದು ಮಾತು ಪ್ರಸಿದ್ಧವಾಗಿದೆ. ೧೯೭೩ರಲ್ಲಿ ಆ ಮಾದರಿಯ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಸೇರಿತು. ೧೯೯೬ರಲ್ಲಿ ರಾನ್ ಚಾಂಪಿಯನ್ ಎಂಬವರು ಇದೇ ಬಗೆಯ ಬಂಡಿಯನ್ನು ಅಲ್ಪ ಹಣದಲ್ಲಿ ಮನೆಯಲ್ಲಿ ಕಟ್ಟುವ ಪುಸ್ತಕವನ್ನು ಬರೆದ ಮೇಲೆ ಲೋಕದ ನಾನಾ ಕಡೆಗಳಲ್ಲಿ ಹವ್ಯಾಸಿಗಳು ಇದಕ್ಕೆ ಕೈಹಾಕಿದರು. ಚೌಕ ಕೊಳವೆಯ ಚೌಕಟ್ಟು, ಚಪ್ಪಟೆಯಾದ ತಗಡಿನ ಪಕ್ಕಗಳು, ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ; ಕಟ್ಟಲು ಇದಕ್ಕಿಂತ ಸರಳವಾದ ಮಾದರಿ ಸಿಕ್ಕುವುದು ಕಷ್ಟ. ನಮ್ಮ ದೇಶದಲ್ಲಿಯೂ ಚಿಂಕಾರಾ ಎಂಬ ಸಣ್ಣ ಸಂಸ್ಥೆಯು ೧.೮ ಲೀಟರಿನ ಇಸುಜು ಎಂಜಿನ್ನಿನಿಂದ ಇದೇ ಹೋಲಿಕೆಯ ತೆರೆದ ಬಂಡಿಯನ್ನು ಮಾಡಿತು.

ನಮ್ಮ ಊರಿಗೂ ಈ ಕೆಲಸ ಹೊಸತಲ್ಲ. ಬೆಂಗಳೂರಿನ ಸಿಪಾನಿ ಸಂಸ್ಥೆಯವರು ಮೊದಲು ಮೂರು ಚಕ್ರದ ಬಾದಲ್ ಎಂಬ ಬಂಡಿಯನ್ನು ಮಾಡಿ, ೧೯೮೦ರ ದಶಕದಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ತಂದರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ, ೮೪೮ ಸಿ.ಸಿ. ಎಂಜಿನ್, ನಾರುಗಾಜಿನ ಮೈ. ಪೇಟೆಯಲ್ಲಿ ಅದು ಬಹುಕಾಲ ನಿಲ್ಲಲಿಲ್ಲ. ಆದರೆ ಹಗುರವಾದುದರಿಂದ ಶೋಳವರಂ ಪಂದ್ಯಗಳಲ್ಲಿ ಹೆಸರು ಮಾಡಿತು. ವೈಟ್‌ಫೀಲ್ಡ್ ರಸ್ತೆಯಲ್ಲಿ ರೈಲಿನ ಎಂಜಿನ್ನುಗಳನ್ನು ಕಟ್ಟುವ ಸ್ಯಾನ್ ಸಂಸ್ಥೆಯ ಬಳಗದಿಂದ ೧೯೯೦ರ ದಶಕದ ಕೊನೆಯಲ್ಲಿ ಸ್ಟಾರ್ಮ್ ಎಂಬ ಎರಡಾಸನದ ತೆರೆದ ಕಾರು ಬಂದಿತು. ಅದರ ಮೈಯೂ ನಾರುಗಾಜು, ಎಂಜಿನ್ ಫ್ರಾನ್ಸಿನ ರೆನೋ. ಎಲೆಕ್ಟ್ರಾನಿಕ್ ಸಿಟಿಯ ನೆರೆಯ ಬೊಮ್ಮಸಂದ್ರದಲ್ಲಿ ಚೇತನ್ ಮೈನಿಯವರು ಕಟ್ಟಿದ ರೇವಾ ವಿದ್ಯುತ್ ಕಾರು ಉಕ್ಕಿನ ಕೊಳವೆಯ ಚೌಕಟ್ಟಿಗೆ ಪ್ಲಾಸ್ಟಿಕ್ ಹಲಗೆಗಳನ್ನು ಹೊದಿಸಿದುದು. ಆ ಸಂಸ್ಥೆ ಸ್ಥಾಪಿತವಾದದ್ದು ೧೯೯೪ರಲ್ಲಿ. ಕಾರು ಮಾರಾಟಕ್ಕೆ ಬಂದದ್ದು ೨೦೦೧ರಲ್ಲಿ. ಬಂಡವಾಳವೂ ಇಂಜಿನಿಯರುಗಳೂ ಇದ್ದ ಸಂಸ್ಥೆಗೆ ಏಳು ವರ್ಷ ಹಿಡಿಯಿತೆಂಬುದನ್ನು ನನ್ನ ಅಳಿಯನಿಗೆ ತೋರಿಸಿದೆ. “ಮಾವ, ನಾವು ಮಾಡುವುದು ಒಂದೇ ಒಂದಲ್ಲವೇ?” ಎಂದನು. ತೊಡಕು ಇರುವುದೇ ಆ ಒಂದರಲ್ಲಿ.

ನಂಬರಿನ ವಿಚಾರ

೧೯೮೮ರ ಮೋಟಾರು ವಾಹನ ಕಾಯಿದೆಯ ೩೯ನೆಯ ಕಲಮಿನ ಪ್ರಕಾರ ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದು. ಹೊಸ ವಾಹನದ ನೋಂದಣಿಗೆ ಅರ್ಜಿಯ ಜೊತೆಗೆ ತಯಾರಕರ ಮಾರಾಟ ಪತ್ರವನ್ನೂ, ವಾಹನವು ರಸ್ತೆಗೆ ಯೋಗ್ಯವೆಂದು ತಯಾರಕರೇ ಬರೆದುಕೊಡುವ ೨೨ನೆಯ ನಮೂನೆಯನ್ನೂ ಒಪ್ಪಿಸಬೇಕು. ಆ ನಮೂನೆಯನ್ನು ಬರೆದುಕೊಡುವ ಅಧಿಕಾರ ಬರುವುದು ೧೯೮೯ರ ಕೇಂದ್ರ ನಿಯಮಗಳ ೧೨೬ನೆಯ ನಿಯಮದಂತೆ ವಾಹನದ ಮೂಲಮಾದರಿಯನ್ನು ಪುಣೆಯ ಎ.ಆರ್.ಎ.ಐ., ಮಾನೇಸರದ ಐಕ್ಯಾಟ್ ಮೊದಲಾದ ಪರೀಕ್ಷಾ ಸಂಸ್ಥೆಗಳು ಪರೀಕ್ಷಿಸಿ ಒಪ್ಪಿದ ಮೇಲೆ. ಅಲ್ಲಿ ಹೊಗೆಯನ್ನು ಅಳೆಯುವರು, ಬ್ರೇಕನ್ನು ಅಳೆಯುವರು, ಕಾರನ್ನು ತಡೆಗೆ ಗುದ್ದಿಸಿಯೂ ನೋಡುವರು. ೨೦೧೭ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ ಗುದ್ದಿನ ಪರೀಕ್ಷೆ ಕಡ್ಡಾಯವಾಯಿತು. ೨೦೨೦ರ ಏಪ್ರಿಲ್ ೧ರಿಂದ ಹೊಗೆಯ ವಿಷಯದಲ್ಲಿ ಬಿ.ಎಸ್. ಆರು ಎಂಬ ಅಳತೆ ಜಾರಿಯಾಯಿತು. ಒಂದೇ ಬಂಡಿಯನ್ನು ಮಾಡಿದವನು ಅದನ್ನೇ ಗುದ್ದಿಸಿಕೊಟ್ಟರೆ ಅವನಿಗೆ ಉಳಿಯುವುದೇನು? ಹಳೆಯ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಇಂದಿನ ಹೊಗೆಯ ಅಳತೆಗೆ ಅದು ನಿಲ್ಲುವುದಿಲ್ಲ.

ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಟ್ಟಿದ ಒಂಟಿ ಬಂಡಿಗೆಂದೇ ಪ್ರತ್ಯೇಕ ಪರೀಕ್ಷೆಯ ಏರ್ಪಾಡು ಉಂಟು. ೨೦೦೯ರಿಂದ ಅದು ಈಗಿನ ರೂಪದಲ್ಲಿದೆ. ಸರಕಾರದ ಪರೀಕ್ಷಕನು ಒಂದು ದಿನ ನೋಡಿ, ಸರಿಯಿದ್ದರೆ ಪತ್ರ ಕೊಡುತ್ತಾನೆ; ಅದನ್ನು ಕಂಡು ವಿಮೆಯವರೂ ಬರುತ್ತಾರೆ. ಅಲ್ಲಿಯ ಹವ್ಯಾಸಿಗಳ ಬರಹಗಳನ್ನು ಓದಿ ನಮ್ಮಲ್ಲಿಯೂ ಹಾಗೆಯೇ ಎಂದು ತಿಳಿಯುವುದು ದೊಡ್ಡ ತಪ್ಪು. ನಮ್ಮಲ್ಲಿ ಅಂತಹ ಕಿರುದಾರಿ ಇಲ್ಲ. ನೆಲಮಂಗಲ, ಯಶವಂತಪುರ, ಕೆ.ಆರ್. ಪುರ, ಎಲೆಕ್ಟ್ರಾನಿಕ್ ಸಿಟಿ, ಯಾವ ಸಾರಿಗೆ ಕಚೇರಿಗೆ ಹೋದರೂ ಕಾಯಿದೆ ಒಂದೇ.

ಇಲ್ಲಿ ಒಬ್ಬ ಬುದ್ಧಿವಂತನು ಬಂದೇ ಬರುತ್ತಾನೆ. ನಮ್ಮ ಶೆಡ್ಡಿಗೂ ಬಂದಿದ್ದನು. ಅವನ ಉಪಾಯ ಹೀಗೆ: ಹಳೆಯ ಜಿಪ್ಸಿಯೊಂದನ್ನು ಕೊಂಡು, ಅದರ ಎಂಜಿನ್ನನ್ನೂ ಗೇರ್ ಪೆಟ್ಟಿಗೆಯನ್ನೂ ಹೊಸ ಚೌಕಟ್ಟಿಗೆ ಇಳಿಸಿ, ಜಿಪ್ಸಿಯ ಛಾಸಿಯಲ್ಲಿ ನಂಬರು ಕೊರೆದಿರುವ ತುಂಡನ್ನು ಕತ್ತರಿಸಿ ಹೊಸದಕ್ಕೆ ಬೆಸೆದು, ಜಿಪ್ಸಿಯ ಆರ್.ಸಿ.ಯಲ್ಲಿಯೇ ಓಡಿಸುವುದು. ವಿಮೆಯೂ ಅದರ ಹೆಸರಿನಲ್ಲಿಯೇ ನಡೆಯುತ್ತದೆ, ಕೇಳುವವರಾರು?

ಕೇಳುವವರಿದ್ದಾರೆ. ಕಾಯಿದೆಯ ೫೨ನೆಯ ಕಲಮಿನಂತೆ, ತಯಾರಕನು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಇದನ್ನೇ ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ೧೮೨ಎ ಕಲಮು ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಟಿಗೆ ೫,೦೦೦ ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಛಾಸಿಯ ನಂಬರನ್ನು ಕತ್ತರಿಸಿ ಬೆಸೆಯುವುದಂತೂ ಮಾರ್ಪಾಟಲ್ಲ, ಸುಳ್ಳು ದಾಖಲೆಯ ಸೃಷ್ಟಿ. ಭಾವನವರು ಆ ಬುದ್ಧಿವಂತನ ಮಾತನ್ನು ಕೇಳಿ, “ಗಡಿಯಾರದ ಮುಖ ಬದಲಾಯಿಸಿ ಹೆಸರು ಉಳಿಸಿಕೊಂಡ ಹಾಗೆ” ಎಂದು ತಲೆಯಾಡಿಸಿದರು.

ಇನ್ನೊಬ್ಬರು, ಹಳೆಯ ಕಾಲದ ಬಂಡಿಗಳಿಗೆ ಬೇರೆ ನೋಂದಣಿ ಇದೆಯಲ್ಲ, ಅದರಲ್ಲಿ ಸೇರಿಸಿರಿ ಎಂದರು. ೨೦೨೧ರಲ್ಲಿ ಅಂತಹ ನಿಯಮ ಬಂದಿರುವುದು ನಿಜ. ಆದರೆ ಅದು ಮೊದಲ ನೋಂದಣಿಯಿಂದ ೫೦ ವರ್ಷ ಮೀರಿದ, ಛಾಸಿ, ಮೈ, ಎಂಜಿನ್‌ಗಳಲ್ಲಿ ಮಹತ್ತರ ಬದಲಾವಣೆಯಾಗದೆ ಮೂಲರೂಪದಲ್ಲಿರುವ ವಾಹನಗಳಿಗೆ ಮಾತ್ರ. ಅದರ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ. ಹತ್ತು ವರ್ಷ ಸಲ್ಲುತ್ತದೆ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ೧೯೫೭ರ ಬಂಡಿಯ ರೂಪವನ್ನು ಈಗ ತಾಳಿದ ಕೂಸಿಗೆ ಅಜ್ಜನ ವಯಸ್ಸು ಬರುವುದಿಲ್ಲ.

ವಿಮೆಯ ವಿಚಾರ

ತಂಗಿಯ ಎರಡನೆಯ ಪ್ರಶ್ನೆ ಇದು, ಮೊದಲನೆಯದಕ್ಕಿಂತ ಗುರುತರವಾದುದು. ಮೋಟಾರು ವಿಮೆಯಲ್ಲಿ ಮೂರು ಭಾಗಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು.

ಮೊದಲನೆಯದು ಪರರಿಗೆ ಆಗುವ ಹಾನಿಯ ಹೊಣೆ. ಕಾಯಿದೆಯ ೧೪೬ನೆಯ ಕಲಮಿನಂತೆ ಇದು ಕಡ್ಡಾಯ. ಪರರ ಪ್ರಾಣಹಾನಿ, ಅಂಗಹಾನಿಗಳಿಗೆ ನ್ಯಾಯಮಂಡಲಿಯು ಎಷ್ಟು ಪರಿಹಾರ ವಿಧಿಸಿದರೂ ವಿಮೆಯವರು ಕೊಡಬೇಕು. ಪರರ ಸ್ವತ್ತಿನ ಹಾನಿಗೆ ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ೭.೫ ಲಕ್ಷ ರೂಪಾಯಿಯ ಮಿತಿ ನಡೆದುಬಂದಿದೆ. ಇದರ ಕಂತನ್ನು ಸರಕಾರವೇ ಗೊತ್ತುಮಾಡುತ್ತದೆ. ೨೦೨೨ರ ಜೂನ್ ೧ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ೧,೦೦೦ ಸಿ.ಸಿ.ವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ ೨,೦೯೪ ರೂಪಾಯಿ, ೧,೫೦೦ರವರೆಗೆ ೩,೪೧೬, ಅದಕ್ಕೆ ಮೇಲ್ಪಟ್ಟರೆ ೭,೮೯೭ ಎಂದು ನಿಗದಿಯಾಗಿತ್ತು. ಇಷ್ಟು ಸಣ್ಣ ಹಣಕ್ಕೆ ಇಷ್ಟು ದೊಡ್ಡ ಹೊಣೆಯನ್ನು ಬೇರೆ ಯಾರೂ ಹೊರಲಾರರು. ಆದರೆ ಈ ಬಾಗಿಲಿಗೆ ಕೀಲಿಕೈ ಆರ್.ಸಿ.ಯೇ. ನೋಂದಣಿಯಿಲ್ಲದ ಬಂಡಿಗೆ ರಸ್ತೆಯ ಪಾಲಿಸಿ ಇಲ್ಲ. ವಿಮೆಯಿಲ್ಲದೆ ಓಡಿಸಿದರೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ ೨,೦೦೦ ರೂಪಾಯಿ ದಂಡ ಎಂದು ಓದಿ, ಇಷ್ಟೇ ತಾನೆ ಎಂದು ಯಾರೂ ನಗಬಾರದು. ದಂಡವು ಚಿಕ್ಕದು, ಪೆಟ್ಟು ತಿಂದವನ ಸಂಸಾರಕ್ಕೆ ಕೊಡಬೇಕಾದ ಪರಿಹಾರವು ಚಿಕ್ಕದಲ್ಲ. ಅದು ಮನೆ, ಸೈಟು, ಠೇವಣಿ ಯಾವುದನ್ನೂ ಉಳಿಸದಿರಬಹುದು.

ಇನ್ನೊಬ್ಬರ ಆರ್.ಸಿ.ಯ ಮರೆಯಲ್ಲಿ ವಿಮೆ ಮಾಡಿಸಿದರೆ ಏನಾಗುವುದು? ವಿಮೆಯು ನಂಬಿಕೆಯ ಕರಾರು. ಕೇಳಿದ ಪ್ರಶ್ನೆಗೆ ನಿಜವನ್ನು ಬರೆಯದಿದ್ದರೆ, ನಮ್ಮ ಬಂಡಿಯ ನಷ್ಟವನ್ನು ಅವರು ಕೊಡುವುದಿಲ್ಲ. ಪರರ ಪರಿಹಾರವನ್ನು ನ್ಯಾಯಾಲಯವು ಮೊದಲು ವಿಮೆಯವರಿಂದ ಕೊಡಿಸಿ, ಬಳಿಕ ಅದನ್ನು ಒಡೆಯನಿಂದ ವಸೂಲು ಮಾಡಿಕೊಳ್ಳಲು ಅಪ್ಪಣೆ ಮಾಡುವುದುಂಟು. ಹಾಗಾದಾಗ ಕಂತು ಕಟ್ಟಿದವನು ಕೊನೆಗೆ ತಾನೇ ಸಾಲಗಾರನಾಗುತ್ತಾನೆ.

ಎರಡನೆಯದು ನಮ್ಮ ಬಂಡಿಯ ಹಾನಿ. ಇಲ್ಲಿ ಬೆಲೆ ಗೊತ್ತುಮಾಡುವ ಕ್ರಮವನ್ನು ತಿಳಿಯುವುದು ಅಗತ್ಯ. ಕಂಪನಿಯ ಕಾರಿಗಾದರೆ ಅದರ ಪ್ರಕಟಿತ ಮಾರಾಟದ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಸವಕಲನ್ನು ಕಳೆಯುವರು: ಎರಡರಿಂದ ಮೂರು ವರ್ಷದೊಳಗೆ ನೂರಕ್ಕೆ ೩೦, ನಾಲ್ಕರಿಂದ ಐದರೊಳಗೆ ನೂರಕ್ಕೆ ೫೦. ಐದು ವರ್ಷ ಮೀರಿದ ಮೇಲೆ, ಇಲ್ಲವೆ ಮಾದರಿಯೇ ನಿಂತುಹೋಗಿದ್ದರೆ, ಇಬ್ಬರೂ ಒಪ್ಪಿದ ಬೆಲೆ. ಮನೆಯಲ್ಲಿ ಕಟ್ಟಿದ ಬಂಡಿಗೆ ಪ್ರಕಟಿತ ಬೆಲೆಯೇ ಇಲ್ಲವಾದುದರಿಂದ ಮೊದಲ ದಿನದಿಂದಲೂ ಒಪ್ಪಂದದ ಬೆಲೆಯೇ ಗತಿ. ಒಪ್ಪಂದಕ್ಕೆ ಆಧಾರ ರಸೀತಿಗಳೇ. ತಂದೆ ಮಕ್ಕಳ ಎರಡು ವರ್ಷದ ದುಡಿಮೆಗೆ ರಸೀತಿ ಇರುವುದಿಲ್ಲ. ಅದರ ಬೆಲೆಯನ್ನು ಯಾವ ಸಮೀಕ್ಷಕನೂ ಬರೆಯಲಾರನು.

ರಿಪೇರಿಯ ಲೆಕ್ಕದಲ್ಲಿಯೂ ಒಂದು ಸೂಕ್ಷ್ಮವುಂಟು. ೨೦೦೨ರ ಅಖಿಲ ಭಾರತ ಮೋಟಾರು ದರಪಟ್ಟಿಯಲ್ಲಿ ನಮೂದಾಗಿ ಆ ಬಳಿಕವೂ ಪಾಲಿಸಿಗಳಲ್ಲಿ ನಡೆದುಬಂದ ಕ್ರಮದಂತೆ, ಬದಲಾಯಿಸುವ ಭಾಗ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಆದರೆ ನೂರಕ್ಕೆ ೫೦, ನಾರುಗಾಜು ಆದರೆ ನೂರಕ್ಕೆ ೩೦ ಸವಕಲು, ಗಾಜಿಗೆ ಸವಕಲಿಲ್ಲ. ಮೈಯೆಲ್ಲ ನಾರುಗಾಜಾಗಿರುವ ಬಂಡಿಯ ಮುಂಭಾಗವನ್ನು ಹೊಸದಾಗಿ ಹಾಕಲು ೪೦,೦೦೦ ರೂಪಾಯಿ ಬಿದ್ದರೆ ೧೨,೦೦೦ ರೂಪಾಯಿ ಒಡೆಯನ ತಲೆಯ ಮೇಲೆಯೇ ಬರುವುದು.

ಮೂರನೆಯದು ಓಡಿಸುವವನ ಪ್ರಾಣ. ೨೦೧೮ರಲ್ಲಿ ವಿಮಾ ಪ್ರಾಧಿಕಾರವು ಒಡೆಯನೇ ಚಾಲಕನಾಗಿರುವಲ್ಲಿ ವೈಯಕ್ತಿಕ ಅಪಘಾತದ ವಿಮೆಯನ್ನು ೧೫ ಲಕ್ಷಕ್ಕೆ ಏರಿಸಿತು. ಚಾವಣಿಯಿಲ್ಲದ, ಗಾಳಿಚೀಲವಿಲ್ಲದ ಬಂಡಿಯಲ್ಲಿ ಕೂರುವವನು ಈ ಸಾಲನ್ನು ಎರಡು ಸಲ ಓದಬೇಕು.

ಕಟ್ಟುವಾಗಿನ ಅಪಾಯ

ಬಂಡಿ ಹುಟ್ಟುವುದಕ್ಕೆ ಮೊದಲೇ ಅಪಾಯ ಹುಟ್ಟುತ್ತದೆ; ಇದನ್ನು ಹೆಚ್ಚಿನವರು ಎಣಿಸುವುದಿಲ್ಲ. ನಾರುಗಾಜಿನ ಕೆಲಸಕ್ಕೆ ಪಾಲಿಯೆಸ್ಟರ್ ರಾಳ, ಅದನ್ನು ಗಟ್ಟಿಮಾಡುವ ಪೆರಾಕ್ಸೈಡ್ ದ್ರವ, ವೇಗಗೊಳಿಸುವ ಕೋಬಾಲ್ಟ್ ದ್ರವ, ತೊಳೆಯಲು ಅಸಿಟೋನ್ ಬೇಕು. ಪೆರಾಕ್ಸೈಡನ್ನೂ ಕೋಬಾಲ್ಟನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾಗುವುದು. ಒಂದನ್ನು ರಾಳಕ್ಕೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಬೋಗುಣಿಯಲ್ಲಿ ಮಿಕ್ಕ ರಾಳ ತಾನೇ ಕಾದು ಹೊಗೆಯಾಡುವುದುಂಟು. ಅದನ್ನು ಕಸದ ಬುಟ್ಟಿಗೆ ಹಾಕಿ ಮನೆಗೆ ಹೋಗಕೂಡದು. ವೆಲ್ಡಿಂಗಿನ ಕಿಡಿಯೂ ಅಸಿಟೋನಿನ ಆವಿಯೂ ಒಂದೇ ಸೂರಿನಡಿಯಲ್ಲಿ ಒಂದೇ ದಿನ ಇರಬಾರದು.

ಹೀಗಿರುವಲ್ಲಿ ಶೆಡ್ಡಿನ ಒಡೆಯರ ಅಗ್ನಿವಿಮೆಯನ್ನು ತೆರೆಸಿ ನೋಡಿದೆವು. ಅದರಲ್ಲಿ ಅವರ ಲೇತು, ಡ್ರಿಲ್ಲು, ಸರಕು ಇದ್ದುವೇ ಹೊರತು ಪರರ ಸ್ವತ್ತು ಇರಲಿಲ್ಲ. ರಾಳ ಶೇಖರಣೆಯ ಮಾತೂ ಇರಲಿಲ್ಲ. ನಮ್ಮ ಕೊಳವೆ, ಎಂಜಿನ್ ಸುಟ್ಟರೆ ನಮಗೆ ಏನೂ ಬಾರದು. ಅದಕ್ಕಿಂತ ಹೆಚ್ಚಾಗಿ, ತಿಳಿಸದೆ ರಾಳವನ್ನು ಇಟ್ಟುದರಿಂದ ಆ ಮಿತ್ರರ ಹಕ್ಕಿಗೂ ಕುತ್ತು ಬರಬಹುದು. ಉಪಕಾರ ಮಾಡಿದವರ ಜೀವನಾಧಾರವನ್ನು ನಮ್ಮ ವಿನೋದಕ್ಕಾಗಿ ಪಣಕ್ಕೆ ಒಡ್ಡುವುದು ಸಲ್ಲದು. ಆದುದರಿಂದ ಮೊದಲು ವಿಮೆಯವರಿಗೆ ಬರೆದು ತಿಳಿಸಿ, ಪರರ ಸ್ವತ್ತನ್ನೂ ರಾಳವನ್ನೂ ಪಾಲಿಸಿಯಲ್ಲಿ ಸೇರಿಸಬೇಕೆಂದೂ, ಹೆಚ್ಚಿನ ಕಂತನ್ನು ಭಾವನವರೇ ಕೊಡತಕ್ಕದ್ದೆಂದೂ ನಿಶ್ಚಯವಾಯಿತು. ಮನೆಯ ಹಿತ್ತಲಲ್ಲಿ ಕಟ್ಟುವವರಿಗೂ ಇದೇ ಮಾತು: ಮನೆಯ ವಿಮೆಯಲ್ಲಿ ಸಾಮಾನ್ಯವಾಗಿ ವಾಹನ ಸೇರುವುದಿಲ್ಲ, ಸೇರಿದೆಯೆಂದು ಊಹಿಸದೆ ಕೇಳಿ ಬರೆಸಿಕೊಳ್ಳಬೇಕು. ಕೂಲಿಗೆ ಬಂದ ವೆಲ್ಡರಿಗೆ ಪೆಟ್ಟಾದರೆ ಪರಿಹಾರದ ಹೊಣೆ ಯಾರದೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಬಿಡಿಭಾಗಗಳ ವಿಚಾರದಲ್ಲಿ ಒಂದೆರಡು ಮಾತು. ಶಿವಾಜಿನಗರದ ಗುಜರಿಯಲ್ಲಿ ಎಂಜಿನ್ ಅಗ್ಗವಾಗಿ ಸಿಕ್ಕಬಹುದು. ಆದರೆ ಎಂಜಿನ್ ನಂಬರು ಬರೆದ ರಸೀತಿ ಇಲ್ಲದೆ ಕೊಳ್ಳಬೇಡಿರಿ. ಕಳವಿನ ಮಾಲಾದರೆ ಬಂಡಿಯೊಡನೆ ಮಾನವೂ ಹೋಗುವುದು. ಇಡೀ ಹಳೆಯ ಬಂಡಿಯನ್ನು ಕೊಂಡು ಬಿಚ್ಚುವುದಾದರೆ ಅದರ ನೋಂದಣಿಯನ್ನು ಕಾಯಿದೆಯಂತೆ ರದ್ದು ಮಾಡಿಸಬೇಕು. ಜಿಪ್ಸಿಯ ತೂಕ ಸುಮಾರು ಸಾವಿರ ಕಿಲೋ. ಸೆವೆನ್ ಮಾದರಿಯದು ಅದರ ಅರ್ಧದ ಆಸುಪಾಸು. ಒಂದರ ಬ್ರೇಕನ್ನೂ ಸ್ಪ್ರಿಂಗನ್ನೂ ಇನ್ನೊಂದಕ್ಕೆ ಹಾಗೆಯೇ ಹಾಕಿದರೆ ಹಿಂದಿನ ಚಕ್ರಗಳು ಮೊದಲು ಬಿಗಿದು ಬಂಡಿ ತಿರುಗಿ ನಿಲ್ಲಬಹುದು. ಮುಂದುಹಿಂದಿನ ಹಂಚಿಕೆಯನ್ನು ಹೊಸದಾಗಿ ಲೆಕ್ಕ ಹಾಕಬೇಕು. ಮೂಗಿನ ಮೇಲೆ ಮೂಲ ಕಂಪನಿಯ ಲಾಂಛನವನ್ನು ಅಂಟಿಸುವ ಚಪಲವೂ ಬೇಡ. ಅದು ಅವರ ಸ್ವತ್ತು.

ತೀರ್ಮಾನ

ಇಷ್ಟೆಲ್ಲವನ್ನು ಕೇಳಿ ನನ್ನ ಅಳಿಯನ ಮುಖ ಬಾಡಿತು. “ಹಾಗಾದರೆ ಬಿಟ್ಟುಬಿಡಬೇಕೇ, ಮಾವ?” ಎಂದನು.

ಬಿಡಬೇಕಾದದ್ದು ರಸ್ತೆಯೇ ಹೊರತು ಕೆಲಸವಲ್ಲವೆಂದು ಹೇಳಿದೆ. ಕಾಯಿದೆಯ ಹಿಡಿತ ಇರುವುದು ಸಾರ್ವಜನಿಕ ಸ್ಥಳದ ಮೇಲೆ. ಮುಚ್ಚಿದ ಪಂದ್ಯದ ಅಂಗಳದಲ್ಲಿ ಮಾತ್ರ ಓಡುವ ಬಂಡಿಗೆ ರಸ್ತೆಯ ನೋಂದಣಿ ಬೇಡ. ಅದನ್ನು ಲಾರಿಯ ಮೇಲೆ ಹೇರಿ ಕೊಂಡೊಯ್ಯಬೇಕು. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ; ಚೆನ್ನೈ ಬಳಿ ಇರುಂಗಾಟ್ಟುಕೋಟೆಯಲ್ಲಿ ೧೯೯೦ರಲ್ಲಿ ತೆರೆದ ಅಂಗಳವಿದೆ. ಅಲ್ಲಿಯವರು ಬಂಡಿಯನ್ನು ಪರೀಕ್ಷಿಸಿಯೇ ಒಳಗೆ ಬಿಡುವರು: ಉರುಳಿದರೆ ತಲೆ ಕಾಯುವ ಕಮಾನು, ಬೆಂಕಿ ಆರಿಸುವ ಸಾಧನ, ಪಟ್ಟಿ, ಶಿರಸ್ತ್ರಾಣ. ಸಾಮಾನ್ಯ ಮೋಟಾರು ಪಾಲಿಸಿಯು ಪಂದ್ಯವನ್ನೂ ವೇಗದ ಪರೀಕ್ಷೆಯನ್ನೂ ಹೊರಗಿಡುವುದರಿಂದ, ಅಂಗಳದ ವ್ಯವಸ್ಥಾಪಕರ ವಿಮೆಯಲ್ಲಿ ಓಡಿಸುವವನು ಸೇರಿದ್ದಾನೆಯೇ ಎಂದು ಕೇಳಬೇಕು. ಅವನ ಸ್ವಂತ ಅಪಘಾತದ ಪಾಲಿಸಿಯಲ್ಲಿ ಈ ಬಗೆಯ ಕ್ರೀಡೆ ಸೇರುವುದೇ ಎಂದೂ ಓದಬೇಕು. ಲಾರಿಯ ಮೇಲೆ ಹೋಗುವಾಗಿನ ಹಾನಿಗೆ ಸಾಗಣೆಯ ವಿಮೆ ಪ್ರತ್ಯೇಕವಾಗಿ ದೊರೆಯುವುದು.

ರಸ್ತೆಯೇ ಬೇಕೆನ್ನುವವರಿಗೂ ಒಂದು ನೇರವಾದ ದಾರಿ ಉಂಟು. ಕಾಗದಪತ್ರಗಳು ಸರಿಯಾಗಿರುವ ಹಳೆಯ ಕಾರೊಂದನ್ನು ಕೊಂಡು, ಅದರ ಛಾಸಿ, ಮೈ, ಎಂಜಿನ್ ಪತ್ರದಲ್ಲಿರುವಂತೆಯೇ ಉಳಿಸಿ, ಮೊಳೆ ಮೊಳೆಯನ್ನೂ ಬಿಚ್ಚಿ ಜೀರ್ಣೋದ್ಧಾರ ಮಾಡುವುದು. ಕೈಗೆ ಕೆಲಸ ಅಷ್ಟೇ. ನಂಬರೂ ವಿಮೆಯೂ ಸಂಶಯವಿಲ್ಲದವು.

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ರಸ್ತೆಯಲ್ಲಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗಬೇಕೆಂಬುದು ಹುಡುಗನ ಮನಸ್ಸಿನಲ್ಲಿತ್ತೆಂದು ಆಮೇಲೆ ತಿಳಿಯಿತು. ಭಾವನವರು ನಕ್ಷೆಯನ್ನು ಗೋಡೆಯಿಂದ ಬಿಡಿಸಿ ಮೇಜಿನ ಮೇಲೆ ಹರಡಿ, “ರಸ್ತೆ ಇಲ್ಲದಿದ್ದರೆ ಏನಾಯಿತು? ಕೆಲಸ ಉಂಟಲ್ಲ” ಎಂದರು. ಅಂಗಳದ ಬಂಡಿಯೇ ಆಗಲಿ ಎಂದು ತಂದೆ ಮಗ ಒಪ್ಪಿದರು. ಠೇವಣಿಯನ್ನು ಮುರಿಯಕೂಡದೆಂದೂ, ಮಗನ ಸಂಬಳದಲ್ಲಿ ತಿಂಗಳಿಗೆ ಉಳಿದಷ್ಟರಲ್ಲಿಯೇ ಸಾಗಿಸಬೇಕೆಂದೂ, ಒಟ್ಟು ಮೂರು ಲಕ್ಷಕ್ಕೆ ನಿಲ್ಲಬೇಕೆಂದೂ ತಂಗಿ ಕರಾರು ಹಾಕಿದಳು. ಅದಕ್ಕೂ ಒಪ್ಪಿದರು. ಮೊದಲು ಅಗ್ಗದ ಮರದ ಪಟ್ಟಿಗಳಿಂದ ನಿಜಗಾತ್ರದ ಚೌಕಟ್ಟನ್ನು ಕಟ್ಟಿ, ಅದರೊಳಗೆ ಕುಳಿತು ಕಾಲೂ ಮೊಣಕೈಯೂ ಆಡುತ್ತವೆಯೇ ಎಂದು ನೋಡಿ, ಆಮೇಲೆಯೇ ಉಕ್ಕನ್ನು ಕತ್ತರಿಸತಕ್ಕದ್ದೆಂಬುದು ಭಾವನವರು ತಾವೇ ಹಾಕಿಕೊಂಡ ನಿಯಮ.

ವಾಚಕರು ತಮ್ಮ ಮನೆಯಲ್ಲಿ ಇಂತಹ ಪ್ರಸ್ತಾಪ ಬಂದಾಗ ಅನುಸರಿಸಬೇಕಾದ ಕ್ರಮವನ್ನು ಸಂಗ್ರಹವಾಗಿ ಹೇಳುವೆನು. ಬಂಡಿ ಎಲ್ಲಿ ಓಡಬೇಕೆಂಬುದನ್ನು ಮೊದಲು ಗೊತ್ತುಮಾಡಿರಿ. ಮಿಕ್ಕುದೆಲ್ಲ ಅದರಿಂದ ಹೊರಡುವುದು. ರಸ್ತೆಯೆಂದಾದರೆ ಸಾರಿಗೆ ಕಚೇರಿಗೂ ವಿಮೆಯವರಿಗೂ ಬರಹದಲ್ಲಿ ಪ್ರಶ್ನೆ ಕೇಳಿ, ಬರಹದಲ್ಲಿ ಉತ್ತರ ಬರುವವರೆಗೆ ಒಂದು ಕೊಳವೆಯನ್ನೂ ಕೊಳ್ಳಬೇಡಿರಿ. ಕಟ್ಟುವ ಸ್ಥಳದ ಅಗ್ನಿವಿಮೆಯನ್ನು ಓದಿರಿ. ಪ್ರತಿ ರಸೀತಿಯನ್ನೂ, ಪ್ರತಿ ಬೆಸುಗೆಯ ಛಾಯಾಚಿತ್ರವನ್ನೂ ದಿನಾಂಕದೊಡನೆ ಒಂದು ಕಡತದಲ್ಲಿಡಿರಿ. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬುದು ಹಳೆಯ ಗಾದೆ. ಚಾಚಿದ ಕಾಲು ಪಕ್ಕದವನಿಗೆ ತಾಗದಂತೆ ನೋಡಿಕೊಳ್ಳುವುದೂ ಗೃಹಸ್ಥನ ಧರ್ಮವೇ.

ಕಳೆದ ವಾರ ಮತ್ತೆ ಶೆಡ್ಡಿಗೆ ಹೋಗಿದ್ದೆ. ಮರದ ಚೌಕಟ್ಟು ನಿಂತಿತ್ತು. ತಂಗಿಯೂ ಬಂದಿದ್ದಳು, ಎಡಗಡೆಯ ಆಸನದಲ್ಲಿ ಕುಳಿತು, ಸೀರೆಯ ಸೆರಗು ಸಿಕ್ಕಿಕೊಳ್ಳುತ್ತದೆಯೆಂದು ಒಂದು ಮೊಳೆಯನ್ನು ತೋರಿಸಿ ತೆಗೆಸಿದಳು. ಕಡತವು ಅವಳ ಕೈಯಲ್ಲಿಯೇ ಇರುವುದು. ಅದರ ಮೊದಲನೆಯ ಹಾಳೆ ವಿಮೆಯವರಿಗೆ ಬರೆದ ಕಾಗದದ ಪ್ರತಿ. ಎರಡನೆಯದು ಮರದ ಪಟ್ಟಿಗಳ ರಸೀತಿ.